ಅಮ್ಮನ ಹಳೆ ಫೋಟೋಗಳಿಗೆ ಕ್ಯಾನನ್ ಲೈಡ್ 300 ಸ್ಕ್ಯಾನರ್: ಮಳೆ ಜಾಸ್ತಿಯಿರುವ ಊರಿನಲ್ಲಿ ಇದರಿಂದ ಆಗುವುದು, ಆಗದಿರುವುದು

ಕಾಸರಗೋಡು, ಕುಂಬಳೆ, ಬದಿಯಡ್ಕ ಕಡೆಯ ಮನೆಗಳಲ್ಲಿ ಅಮ್ಮನ ಫೋಟೋ ಹುಡುಕುವುದು ಹೆಚ್ಚಾಗಿ ಉತ್ತರಕ್ರಿಯೆಯ ಕಾಗದ ಅಚ್ಚಿಗೆ ಕೊಡುವ ಗಡಿಬಿಡಿಯಲ್ಲಿ. ಅಪ್ಪನದ್ದಾದರೆ ಸ್ಟುಡಿಯೋದ ಕುರ್ಚಿಯಲ್ಲಿ ಕೂತ ಒಂದು ಫೋಟೋ ಇದ್ದೇ ಇರುತ್ತದೆ. ಅಮ್ಮನದ್ದು ಮದುವೆ ಗುಂಪಿನ ಎರಡನೇ ಸಾಲಿನಲ್ಲಿ, ಯಾರದೋ ಭುಜದ ಹಿಂದೆ ಅರ್ಧ ಮುಖ. ಅಬ್ಬೆ, ಅಪ್ಪೆ, ಉಮ್ಮ, ಆಯಿ, ಮನೆಮಾತು ಯಾವುದಾದರೂ ಈ ವಿಷಯದಲ್ಲಿ ವ್ಯತ್ಯಾಸವಿಲ್ಲ. ಎಷ್ಟೋ ಹೆಂಗಸರಿಗೆ ಒಬ್ಬರೇ ಇರುವ ಮೊದಲ ಫೋಟೋ ಎಂದರೆ ಚುನಾವಣೆಯ ಗುರುತಿನ ಚೀಟಿಯದ್ದು, ಆ ಚೀಟಿ ಬಂದದ್ದೇ 1993ರ ನಂತರ. 2013ರ ಆಹಾರ ಭದ್ರತಾ ಕಾಯ್ದೆ ರೇಷನ್ ಕಾರ್ಡಿನಲ್ಲಿ ಮನೆಯ ಹಿರಿಯ ಹೆಂಗಸನ್ನೇ ಯಜಮಾನಿ ಮಾಡಿತು. ಹಾಗಾಗಿ ಕಾರ್ಡಿಗೆಂದು ತೆಗೆಸಿದ ಪಾಸ್‌ಪೋರ್ಟ್ ಅಳತೆಯ ಫೋಟೋಗಳಲ್ಲಿ ಮಿಕ್ಕಿದ ಒಂದೆರಡು ಪ್ರತಿ ಸ್ಟುಡಿಯೋದ ಪುಟ್ಟ ಲಕೋಟೆಯಲ್ಲೇ ಉಳಿದಿರಬಹುದು. ಕಾರ್ಡಿನ ಮೇಲಿನ ಅಚ್ಚನ್ನು ಸ್ಕ್ಯಾನ್ ಮಾಡುವ ಮೊದಲು ಆ ಲಕೋಟೆ ಹುಡುಕಿ. ಕಾರ್ಡಿನಲ್ಲಿರುವುದು ಅಚ್ಚಿನ ಚುಕ್ಕೆಗಳು, ಲಕೋಟೆಯಲ್ಲಿರುವುದು ನಿಜವಾದ ಫೋಟೋ.

ಮುಖ ಹೀಗೆ ಚಿಕ್ಕದಿರುವಾಗ ಫೋಟೋವನ್ನು ಮೊಬೈಲಿನಲ್ಲಿ ಹೊಡೆದು ಸ್ಟುಡಿಯೋಗೆ ಕಳಿಸಿದರೆ ಏನಾಗುತ್ತದೆಂದು ಲೆಕ್ಕ ಹಾಕಿ ನೋಡಬೇಕು. 8×10 ಇಂಚಿನ ಗುಂಪು ಫೋಟೋದಲ್ಲಿ ಅಮ್ಮನ ಮುಖ 1 ಸೆಂ.ಮೀ. ಇದೆ ಎಂದುಕೊಳ್ಳಿ. 12 ಮೆಗಾಪಿಕ್ಸೆಲ್ ಮೊಬೈಲಿನಲ್ಲಿ ಇಡೀ ಫೋಟೋ ತೆಗೆದರೆ ಉದ್ದಕ್ಕೆ ಸುಮಾರು 4000 ಪಿಕ್ಸೆಲ್, ಮುಖಕ್ಕೆ ಸಿಗುವುದು ಹೆಚ್ಚೆಂದರೆ 157. ಅದನ್ನೇ ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳಿಸಿ ಉದ್ದ 1600ರ ಆಸುಪಾಸಿಗೆ ಇಳಿದರೆ ಮುಖಕ್ಕೆ ಉಳಿಯುವುದು 63 ಪಿಕ್ಸೆಲ್. ಅಷ್ಟರಲ್ಲಿ ಕಣ್ಣಿನ ಒಂದು ರೆಪ್ಪೆಯೂ ಬೇರೆಯಾಗಿ ನಿಲ್ಲುವುದಿಲ್ಲ. ಸ್ಕ್ಯಾನರಿನಲ್ಲಿ 1200 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ ಎಂಬ ಲೆಕ್ಕ) ಇಟ್ಟರೆ ಅದೇ ಒಂದು ಸೆಂಟಿಮೀಟರಿಗೆ 472 ಪಿಕ್ಸೆಲ್ ಬರುತ್ತದೆ. ಹಳೆ ಫೋಟೋ ಹೊಸತು ಮಾಡುವ ಕೆಲಸದಲ್ಲಿ ಸ್ಟುಡಿಯೋದವರ ಕೈಚಳಕಕ್ಕಿಂತ ಈ ಮೊದಲ ಹೆಜ್ಜೆಯೇ ಮುಖ್ಯ. ಕ್ಯಾನನ್ ಲೈಡ್ 300 ತೆಗೆದುಕೊಳ್ಳುವುದಿದ್ದರೆ ಅದು ಇದಕ್ಕಾಗಿ.

ಯಂತ್ರ ಸರಳ. ಎ4 ಅಳತೆಯ ಗಾಜು, 1.7 ಕಿಲೋ ತೂಕ, 2400 ಡಿಪಿಐ ವರೆಗೆ ನಿಜವಾದ ರೆಸಲ್ಯೂಷನ್. ಕರೆಂಟಿಗೆ ಬೇರೆ ಅಡಾಪ್ಟರ್ ಇಲ್ಲ, ಕಂಪ್ಯೂಟರಿನ ಯುಎಸ್‌ಬಿ ವಯರೇ ಸಾಕು. ಗಾಳಿಮಳೆಗೆ ಕರೆಂಟು ಹೋದರೂ ಲ್ಯಾಪ್‌ಟಾಪಿನ ಬ್ಯಾಟರಿಯಲ್ಲಿ ಕೆಲಸ ಮುಂದುವರಿಯುತ್ತದೆ, ನಮ್ಮ ಕಡೆಗೆ ಇದು ಸಣ್ಣ ಅನುಕೂಲವಲ್ಲ. ಯುಎಸ್‌ಬಿ ಹಬ್ಬಿಗೆ ಸಿಕ್ಕಿಸಿದರೆ ಕರೆಂಟು ಸಾಲದೆ ನಡುವೆ ನಿಲ್ಲಬಹುದು, ಲ್ಯಾಪ್‌ಟಾಪಿಗೇ ನೇರ ಹಾಕಿ. ಎದುರಿಗಿರುವ ಗುಂಡಿಗಳು ಕಾಗದಪತ್ರಕ್ಕೆ ಸರಿ, ಫೋಟೋಕ್ಕೆ ಮುಟ್ಟಬೇಡಿ. ಜೊತೆಗೆ ಬರುವ ಸ್ಕ್ಯಾನ್‌ಗಿಯರ್ ಸಾಫ್ಟ್‌ವೇರ್ ತೆರೆದು ಅಡ್ವಾನ್ಸ್ಡ್ ಮೋಡಿಗೆ ಹೋದರೆ ಡಿಪಿಐ ನೀವೇ ಕೊಡಬಹುದು.

4×6 ಇಂಚಿನ ಫೋಟೋಕ್ಕೆ 600 ಸಾಕು. 2400×3600 ಪಿಕ್ಸೆಲ್ ಬರುತ್ತದೆ, ಅದರಿಂದ 8×10 ಮುದ್ರಿಸಿದರೂ ಚೂಪು ಕೆಡುವುದಿಲ್ಲ. ಗುಣಮಟ್ಟ ಇಳಿಸದೆ ಉಳಿಸುವ ಟಿಫ್ ಕಡತ ಸುಮಾರು 26 ಎಂಬಿ. 8×10ರ ಗುಂಪು ಫೋಟೋ 600ರಲ್ಲಿ 86 ಎಂಬಿ, 1200ರಲ್ಲಿ 345 ದಾಟುತ್ತದೆ, ಹಳೆ ಲ್ಯಾಪ್‌ಟಾಪ್ ಅಲ್ಲೇ ತಡವರಿಸುತ್ತದೆ. ಹಾಗಾಗಿ ಇಡೀ ಫೋಟೋ ಒಮ್ಮೆ 600ರಲ್ಲಿ ತೆಗೆಯಿರಿ. ಆಮೇಲೆ ಪ್ರಿವ್ಯೂನಲ್ಲಿ ಅಮ್ಮನ ಮುಖ, ಕುತ್ತಿಗೆ, ಭುಜದಷ್ಟಕ್ಕೆ ಚೌಕ ಎಳೆದು 1200ರಲ್ಲಿ ಇನ್ನೊಮ್ಮೆ. 35×45 ಮಿ.ಮೀ. ಪಾಸ್‌ಪೋರ್ಟ್ ಫೋಟೋ 1200ರಲ್ಲಿ 1654×2126 ಪಿಕ್ಸೆಲ್ ಕೊಡುತ್ತದೆ, 8×10ರ ಮುದ್ರಣಕ್ಕೆ ಇಂಚಿಗೆ 200ರ ಮೇಲೆಯೇ ಉಳಿಯುತ್ತದೆ. ಚಾವಡಿ ಗೋಡೆಯಲ್ಲಿ ನಾಲ್ಕಡಿ ದೂರದಿಂದ ನೋಡುವ ಪಟಕ್ಕೆ ಧಾರಾಳ. 2400ಕ್ಕೆ ಏರಿಸಿದರೆ ಕಾಗದದ ನಾರು ಮತ್ತು ಧೂಳು ದೊಡ್ಡದಾಗುತ್ತವೆಯೇ ಹೊರತು ಮುಖದಲ್ಲಿ ಹೊಸ ವಿವರ ಬರುವುದು ಅಪರೂಪ.

ಗಾಜಿನ ಮೇಲೆ ನಾಲ್ಕೈದು ಫೋಟೋ ಒಟ್ಟಿಗೆ ಹರವಿ ಮುಗಿಸುವ ಆಸೆ ಬೇಡ. ಎ4 ಗಾಜಿನ ಉದ್ದ 297 ಮಿ.ಮೀ., 4×6ರ ಎರಡು ಸಾಲು ಸೇರಿದರೆ 304. ಸಾಫ್ಟ್‌ವೇರ್ ತಾನಾಗಿ ಬೇರೆ ಮಾಡಬೇಕಾದರೆ ಅಂಚಿನಿಂದಲೂ ಒಂದಕ್ಕೊಂದಕ್ಕೂ 1 ಸೆಂ.ಮೀ. ಜಾಗ ಬೇರೆ ಬೇಕು. ಅಡ್ಡ ಮಲಗಿಸಿ ಒಂದರ ಕೆಳಗೊಂದು ಎರಡು ಇಡಬಹುದು, ಅಷ್ಟೆ. ಅಮ್ಮನ ಫೋಟೋಗಳಾದರೆ ಒಂದೊಂದೇ ಇಡಿ. ಒಂದು ಮಾಸಿರುತ್ತದೆ, ಇನ್ನೊಂದು ಕಪ್ಪಾಗಿರುತ್ತದೆ, ಒಂದೇ ಹೊಂದಿಕೆ ಎರಡಕ್ಕೂ ಆಗುವುದಿಲ್ಲ.

ಕಪ್ಪು-ಬಿಳುಪು ಫೋಟೋವನ್ನೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿ. ಬಣ್ಣದ ಸ್ಕ್ಯಾನ್ ಕೆಂಪು, ಹಸಿರು, ನೀಲಿ ಎಂಬ ಮೂರು ಪದರ, ಅಂದರೆ ಚಾನೆಲ್‌ಗಳಾಗಿ ಕೂತಿರುತ್ತದೆ. ಹಳದಿ, ಕಂದು ಕಲೆಗಳು ನೀಲಿ ಚಾನೆಲಿನಲ್ಲಿ ಕಪ್ಪಗೆ ಎದ್ದು ಕಾಣುತ್ತವೆ, ಕೆಂಪು ಚಾನೆಲಿನಲ್ಲಿ ಬಹುಮಟ್ಟಿಗೆ ಮಾಯವಾಗುತ್ತವೆ. ಗಿಂಪ್‌ನಂಥ ಉಚಿತ ಸಾಫ್ಟ್‌ವೇರಿನಲ್ಲಿ ಕೆಂಪು ಚಾನೆಲ್ ಮಾತ್ರ ತೆಗೆದುಕೊಂಡು ಕಪ್ಪು-ಬಿಳುಪು ಮಾಡಿದರೆ ಚಹಾ ಕಲೆ, ನೀರಿನ ಗೆರೆ ಅರ್ಧಕ್ಕರ್ಧ ಹೋಗುತ್ತದೆ, ಮುಖದ ಮೇಲೆ ಒಂದು ಕುಂಚವೂ ಆಡಿಸದೆ. ಮೊದಲೇ ಗ್ರೇಸ್ಕೇಲಿನಲ್ಲಿ, ಅಂದರೆ ಬರೀ ಬೂದಿ ಛಾಯೆಯಲ್ಲಿ, ಸ್ಕ್ಯಾನ್ ಮಾಡಿದವರಿಗೆ ಈ ದಾರಿ ಮುಚ್ಚಿದ ಹಾಗೆ. ಸ್ಕ್ಯಾನ್‌ಗಿಯರಿನಲ್ಲಿರುವ ಧೂಳು-ಗೀರು ತೆಗೆಯುವ, ಮಾಸಿದ ಬಣ್ಣ ಸರಿಮಾಡುವ ಆಯ್ಕೆಗಳನ್ನು ಮೊದಲ ಪ್ರತಿಗೆ ಹಾಕಬಾರದು. ಈ ಯಂತ್ರದಲ್ಲಿ ಧೂಳನ್ನು ಬೇರೆಯಾಗಿ ಗುರುತಿಸುವ ಬೆಳಕಿನ ವ್ಯವಸ್ಥೆ ಇಲ್ಲ, ಸಾಫ್ಟ್‌ವೇರ್ ಊಹೆಯಲ್ಲೇ ಅಳಿಸುತ್ತದೆ. ಮೂಗುತಿಯ ಹೊಳಪಿನ ಚುಕ್ಕೆಯೂ ಅದಕ್ಕೆ ಧೂಳೇ.

ಇನ್ನು ಸೋಲುವ ಕಡೆ. ಲೈಡ್ ಸರಣಿಯಲ್ಲಿರುವುದು ಸಿಐಎಸ್ ಎಂಬ, ಗಾಜಿಗೆ ತೀರ ಹತ್ತಿರದಿಂದ ಓದುವ ಸೆನ್ಸರ್, ಗಾಜಿಗೆ ಒತ್ತಿ ಕೂತದ್ದು ಮಾತ್ರ ಅದಕ್ಕೆ ಚೂಪಾಗಿ ಕಾಣುತ್ತದೆ. ಒಂದೆರಡು ಮಿಲಿಮೀಟರ್ ಮೇಲೆದ್ದರೂ ಮಸುಕು. ಅಂಚು ಸುರುಳಿಯಾದ ಹಳೆ ಫೋಟೋದಲ್ಲಿ ನಡು ಚೆನ್ನಾಗಿದ್ದು ಬದಿಯಲ್ಲಿ ನಿಂತ ಅಮ್ಮ ಮಸುಕಾಗುವುದು ಇದರಿಂದಲೇ. ಮುಚ್ಚಳದ ಭಾರ ಸಾಲದಿದ್ದರೆ ಫೋಟೋದ ಹಿಂದೆ ಬಿಳಿ ದಪ್ಪ ಕಾಗದ ಇಟ್ಟು ಅಂಗೈಯಿಂದ ಹದವಾಗಿ ಒತ್ತಿ. ಗಡುಸಾಗಿ ಸುರುಳಿ ಸುತ್ತಿದ್ದನ್ನು ಹಾಗೆ ಒತ್ತಿದರೆ ಮೇಲಿನ, ಚಿತ್ರ ಹೊತ್ತ ಜಿಲೆಟಿನ್ ಪದರ ಬಿರುಕು ಬಿಡುತ್ತದೆ, ಅದನ್ನು ಮುಟ್ಟದಿರುವುದೇ ಲೇಸು. ಸಿಸಿಡಿ ಎಂಬ ಬೇರೆ ಬಗೆಯ ಸೆನ್ಸರಿನ ಎಪ್ಸನ್ ವಿ600ನಂಥ ಯಂತ್ರಕ್ಕೆ ಈ ವಿಷಯದಲ್ಲಿ ಹೆಚ್ಚು ಸೈರಣೆ ಇದೆ, ನೆಗೆಟಿವ್ ಕೂಡ ಸ್ಕ್ಯಾನ್ ಮಾಡುತ್ತದೆ. ಲೈಡ್ 300 ನೆಗೆಟಿವ್ ಮಾಡುವುದೇ ಇಲ್ಲ. ಆದರೆ ವಿ600 ದೊಡ್ಡದು, ಬೆಲೆಯೂ ಬೇರೆ ಮಟ್ಟದ್ದು. ಒಂದು ಮನೆಯ ನೂರಿನ್ನೂರು ಫೋಟೋಗಳಿಗೆ ಅದನ್ನು ಕೊಳ್ಳುವ ಅಗತ್ಯ ನಮಗೆ ಕಾಣುವುದಿಲ್ಲ.

ಎಪ್ಪತ್ತು, ಎಂಬತ್ತರ ದಶಕದ ಕೆಲವು ಬಣ್ಣದ ಫೋಟೋಗಳ ಮೈ ರೇಷ್ಮೆಯಂತೆ ಅಥವಾ ಜೇನುಗೂಡಿನಂತೆ ಉಬ್ಬುತಗ್ಗಾಗಿರುತ್ತದೆ. ಸ್ಕ್ಯಾನರಿನ ದೀಪ ಒಂದೇ ಬದಿಯಿಂದ ಬೀಳುವುದರಿಂದ ಪ್ರತಿ ಉಬ್ಬಿಗೂ ನೆರಳು ಬಂದು ಮುಖದ ಮೇಲೆ ಬಲೆ ಹಾಸಿದ ಹಾಗೆ ಕಾಣುತ್ತದೆ. ಒಮ್ಮೆ ನೇರವಾಗಿ, ಇನ್ನೊಮ್ಮೆ ತಲೆಕೆಳಗಾಗಿಟ್ಟು ಸ್ಕ್ಯಾನ್ ಮಾಡಿ. ಎರಡನೆಯದನ್ನು ಕಂಪ್ಯೂಟರಿನಲ್ಲಿ ತಿರುಗಿಸಿ, ಮೊದಲನೆಯದರ ಮೇಲೆ ಕರಾರುವಾಕ್ಕಾಗಿ ಕೂರಿಸಿ, ಮೇಲಿನ ಪದರದ ಒಪ್ಯಾಸಿಟಿ (ಎಷ್ಟು ದಟ್ಟ ಕಾಣಬೇಕೆಂಬ ಅಳತೆ) ನೂರಕ್ಕೆ 50ಕ್ಕೆ ಇಳಿಸಿ. ಎರಡೂ ಬದಿಯ ನೆರಳು ಒಂದನ್ನೊಂದು ತಿಂದುಹಾಕಿ ಬಲೆ ಬಹಳಷ್ಟು ತೆಳುವಾಗುತ್ತದೆ. ಹಳೆ ಕಪ್ಪು-ಬಿಳುಪಿನಲ್ಲಿ ಕಪ್ಪು ಸೀರೆ, ಜಡೆಯ ಭಾಗ ನೀಲಿಯಾಗಿ ಲೋಹದಂತೆ ಹೊಳೆಯುತ್ತಿದ್ದರೆ ಅದು ಬೆಳ್ಳಿ ಮೇಲೆ ಬಂದದ್ದು. ಒರೆಸಿದರೆ ಚಿತ್ರಕ್ಕೇ ಹಾನಿಯಾಗಬಹುದು. ಫೋಟೋವನ್ನು 90 ಡಿಗ್ರಿ ತಿರುಗಿಸಿ ಮತ್ತೆ ಸ್ಕ್ಯಾನ್ ಮಾಡಿದರೆ ಹೊಳಪು ಕಡಿಮೆಯಾಗುವ ಒಂದು ದಿಕ್ಕು ಸಿಗಬಹುದು.

ಕೆಂಪಡರಿದ ಬಣ್ಣದ ಫೋಟೋಗಳ ಕತೆ ಬೇರೆ. ಆ ಕಾಲದ ಕಾಗದದಲ್ಲಿ ಕತ್ತಲೆಯ ಆಲ್ಬಮ್ಮಿನಲ್ಲಿಟ್ಟರೂ ಮೊದಲು ಸಾಯುವುದು ಸಯನ್ (ಹಸಿರು ಬೆರೆತ ನೀಲಿ) ಬಣ್ಣ, ಉಳಿದವು ಸೇರಿ ಕೆಂಪಾಗಿ ಕಾಣುತ್ತದೆ. ಇದಕ್ಕೆ ಮದ್ದು ಇಡೀ ಫೋಟೋದ ಕೆಂಪು ಇಳಿಸುವುದಲ್ಲ. ಗಿಂಪಿನಲ್ಲಿ ಬೆಳಕು-ನೆರಳು ಹೊಂದಿಸುವ ಲೆವೆಲ್ಸ್ ತೆರೆದು ಕೆಂಪು ಚಾನೆಲ್ ಆರಿಸಿ, ಎಡಗಡೆಯ ಕಪ್ಪು ತ್ರಿಕೋನವನ್ನು ಗ್ರಾಫ್ ಶುರುವಾಗುವ ಜಾಗಕ್ಕೆ ಎಳೆದು ತನ್ನಿ. ಹಸಿರು, ನೀಲಿಗೂ ಹಾಗೆಯೇ ಮಾಡಿ. ಫೋಟೋದ ಬಿಳಿ ಅಂಚೋ, ಪಕ್ಕದಲ್ಲಿ ನಿಂತವರ ಬಿಳಿ ಪಂಚೆಯೋ ಬಿಳಿಯಾಗಿ ಕಂಡರೆ ಅಮ್ಮನ ಮೈಬಣ್ಣ ತಾನಾಗಿ ಸರಿದಾರಿಗೆ ಬರುತ್ತದೆ.

ಜೂನಿನಿಂದ ಸೆಪ್ಟೆಂಬರಿನವರೆಗೆ ಈ ಕೆಲಸ ಕೈಗೆತ್ತಿಕೊಳ್ಳದಿರುವುದೇ ಒಳ್ಳೆಯದು. ಜಿಲೆಟಿನ್ ಗಾಳಿಯ ತೇವ ಹೀರಿ ಉಬ್ಬುತ್ತದೆ, ಸ್ಕ್ಯಾನರ್ ಗಾಜಿಗೂ ಅಂಟಬಹುದು. ಗಾಳಿಯ ತೇವಾಂಶ ನೂರಕ್ಕೆ 65 ದಾಟಿ ನಿಂತರೆ ಬೂಸ್ಟು ಬೆಳೆಯುವುದಕ್ಕೆ ಬೇರೇನೂ ಬೇಡ. ಆಟಿಯ ಮಳೆಯಲ್ಲೇ ಮಾಡಲೇಬೇಕೆಂದಿದ್ದರೆ ಫೋಟೋಗಳನ್ನು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಎರಡು ದಿನ ಇಟ್ಟು ತೆಗೆಯಿರಿ. ಬೂಸ್ಟು ಬಂದ ಫೋಟೋವನ್ನು ಒದ್ದೆ ಬಟ್ಟೆಯಲ್ಲಿ ಒರೆಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಬೂಸ್ಟು ತಿಂದ ಜಿಲೆಟಿನ್ ನೀರಿಗೆ ಕರಗುತ್ತದೆ, ಒಂದೇ ಒರೆಸಿಗೆ ಕೆನ್ನೆ ಬಟ್ಟೆಗೆ ಬಂದಿರುತ್ತದೆ. ಒಣಹವೆಯ ದಿನ, ಮನೆಯ ಹೊರಗೆ ನೆರಳಿನಲ್ಲಿ, ಮೂಗಿಗೆ ಮಾಸ್ಕ್ ಹಾಕಿಕೊಂಡು, ಮೆತ್ತನೆ ಒಣ ಕುಂಚದಿಂದ ನಡುವಿನಿಂದ ಅಂಚಿನ ಕಡೆಗೆ ತಳ್ಳಬೇಕು. ಅಂಟಿನ ಹಾಳೆಗೆ ಪ್ಲಾಸ್ಟಿಕ್ ಮುಚ್ಚಿದ ಆಲ್ಬಮ್ಮಿನಿಂದ ಫೋಟೋ ಬಿಡಿಸಲು ಉಗುರು, ಬ್ಲೇಡು ಬೇಡ. ಹಲ್ಲಿನ ಸಂದು ತಿಕ್ಕುವ ಫ್ಲಾಸ್ ದಾರವನ್ನು ಫೋಟೋದ ಅಡಿಗೆ ತೂರಿಸಿ ಗರಗಸದಂತೆ ನಿಧಾನ ಆಡಿಸಿ. ಬಿಡದಿದ್ದರೆ ಹಾಳೆ ಸಮೇತ ಸ್ಕ್ಯಾನ್ ಮಾಡಿ.

ಗೋಡೆಯ ಕಟ್ಟಿನಲ್ಲಿ ಗಾಜಿಗೇ ಅಂಟಿಕೊಂಡ ಪಟ ನಮ್ಮ ಕಡೆ ಬಹಳ. ಅದನ್ನು ಕೀಳಲು ಹೋಗಲೇಬೇಡಿ, ಮುಖ ಗಾಜಿನಲ್ಲೇ ಉಳಿಯುತ್ತದೆ. ಗಾಜಿನ ದಪ್ಪವೇ ಎರಡು ಮಿಲಿಮೀಟರ್ ಇರುವಾಗ ಲೈಡ್ 300 ಇಲ್ಲಿ ಉಪಯೋಗಕ್ಕೆ ಬಾರದು. ಈ ಒಂದು ಕಡೆ ಮೊಬೈಲು ಗೆಲ್ಲುತ್ತದೆ. ಗೂಗಲ್ 2016ರಲ್ಲಿ ಬಿಟ್ಟ ಫೋಟೋಸ್ಕ್ಯಾನ್ ಆ್ಯಪ್ ಉಚಿತ. ಮೊದಲು ಒಂದು ಚಿತ್ರ ತೆಗೆದು, ಪರದೆಯ ಮೇಲೆ ಬರುವ ನಾಲ್ಕು ಚುಕ್ಕೆಗಳ ಮೇಲೆ ಮೊಬೈಲನ್ನು ಒಂದೊಂದಾಗಿ ಸರಿಸಿದರೆ ಬೇರೆ ಬೇರೆ ಕೋನದ ಚಿತ್ರ ಸೇರಿಸಿ ಗಾಜಿನ ಪ್ರತಿಫಲನ ತೆಗೆದುಹಾಕುತ್ತದೆ. ಮೊಬೈಲನ್ನು ಓರೆ ಮಾಡದೆ ಅದೇ ಎತ್ತರದಲ್ಲಿ ಸರಿಸಬೇಕು. ಉಬ್ಬಿದ ಫೋಟೋ ಆದರೆ ಜೋಡಣೆ ತಪ್ಪಿ ಮುಖ ಮಸುಕಾಗುತ್ತದೆ. ಆಗ ಆ್ಯಪ್ ಬಿಟ್ಟು ಮಾಮೂಲಿ ಕ್ಯಾಮರಾ ಬಳಸಿ: ಪಟವನ್ನು ಗೋಡೆಯಿಂದಿಳಿಸಿ, ಗಾಜಿನ ಮೇಲಿನ ಗಂಧ, ಕುಂಕುಮ, ದೀಪದ ಮಸಿಯನ್ನು ಬಟ್ಟೆಯ ತುದಿ ಮಾತ್ರ ತೇವ ಮಾಡಿ ಒರೆಸಿ. ಬಟ್ಟೆಯ ನೀರು ಅಂಚಿನಿಂದ ಒಳಗಿಳಿಯಬಾರದು. ಮೋಡದ ದಿನ ಜಗಲಿಯ ಬೆಳಕಿಗೆ ಇಟ್ಟು, ನಿಮ್ಮ ಹಿಂದೆ ಕಪ್ಪು ಬಟ್ಟೆ ಹಿಡಿಸಿ, ಒಂದು ಮೀಟರ್ ದೂರ ನಿಂತು ಎರಡು ಪಟ್ಟು ಜೂಮಿನಲ್ಲಿ ತೆಗೆಯಿರಿ. ಹತ್ತಿರ ಹೋದರೆ ಅಂಚು ಬಾಗುತ್ತದೆ, ನಿಮ್ಮ ಅಂಗಿಯೂ ಗಾಜಿನಲ್ಲಿ ಬೀಳುತ್ತದೆ.

ಸ್ಕ್ಯಾನ್ ಮಾಡುವಾಗ ಫೋಟೋದ ಬೆನ್ನನ್ನು ಬಿಡಬೇಡಿ, 300 ಡಿಪಿಐಯಲ್ಲಿ ಹತ್ತು ಸೆಕೆಂಡಿನ ಕೆಲಸ. ಸ್ಟುಡಿಯೋದ ಮೊಹರು ಇದ್ದರೆ ಅದರಿಂದ ಕಾಲ ತಿಳಿಯುತ್ತದೆ. ಕಾಸರಗೋಡಿನ ವಿಳಾಸದೊಂದಿಗೆ ಸೌತ್ ಕೆನರಾ ಎಂದಿದ್ದರೆ ಮೊಹರು ಮಾಡಿಸಿದ್ದು 1956ರ ನವೆಂಬರಿಗಿಂತ ಮೊದಲು. ಕಣ್ಣೂರು ಜಿಲ್ಲೆ ಎಂದಿದ್ದರೆ 1957ರಿಂದ 1984ರ ನಡುವೆ. ಕಾಸರಗೋಡು ಜಿಲ್ಲೆ ಎಂದಿದ್ದರೆ 1984ರ ಮೇ ನಂತರ. 671ರಿಂದ ಶುರುವಾಗುವ ಪಿನ್‌ಕೋಡ್ ಕಂಡರೆ 1972ರ ಆಗಸ್ಟಿನ ಈಚೆ. ಹಳೆ ಮೊಹರನ್ನೇ ಕೆಲವು ವರ್ಷ ಒತ್ತುತ್ತಿದ್ದ ಅಂಗಡಿಗಳೂ ಇರಬಹುದಾದ್ದರಿಂದ ಎರಡು ಮೂರು ವರ್ಷ ಹಿಂದುಮುಂದು ಬಿಟ್ಟುಕೊಳ್ಳಿ. ನೀವು ಹೊಸದಾಗಿ ಬೆನ್ನಿಗೆ ಬರೆಯುವುದಿದ್ದರೆ ಮೆತ್ತನೆ ಪೆನ್ಸಿಲಿನಲ್ಲಿ, ಅಂಚಿನಲ್ಲಿ, ಒತ್ತದೆ ಬರೆಯಿರಿ. ಬಾಲ್‌ಪೆನ್ನಿನ ಒತ್ತು ಮುಂದೆ ಮುಖದ ಮೇಲೆ ಗೆರೆಯಾಗಿ ಏಳುತ್ತದೆ. ಗುಂಪು ಫೋಟೋದಲ್ಲಿ ಅಮ್ಮನ ತವರಿನವರ ಹೆಸರು ಹೇಳಬಲ್ಲ ಚಿಕ್ಕಮ್ಮನೋ ಸೋದರತ್ತೆಯೋ ಇದ್ದರೆ ಸ್ಕ್ಯಾನಿಗೂ ಮೊದಲು ಅವರ ಹತ್ತಿರ ಹೋಗಿ ಕೂತುಕೊಳ್ಳಿ, ಸೀರೆಯ ಬಣ್ಣವನ್ನೂ ಕೇಳಿ ಬರೆದಿಡಿ.

ಬಣ್ಣ ಕೇಳಿ ಎಂದದ್ದಕ್ಕೆ ಕಾರಣವಿದೆ. ಕಪ್ಪು-ಬಿಳುಪಿನಲ್ಲಿ ಹಸಿರು ಸೀರೆ, ಕೆಂಪು ಸೀರೆ ಒಂದೇ ಬೂದಿಯಾಗಿ ಬರಬಹುದು. ಕೆಂಪು ಕಾಣದ ಹಳೆ ಆರ್ಥೋ ಫಿಲ್ಮಿನಲ್ಲಾದರೆ ಕುಂಕುಮ ಕಪ್ಪಾಗಿಯೇ ಇರುತ್ತದೆ. ಬಣ್ಣ ತುಂಬುವ ಎಐ ಆ್ಯಪ್‌ಗಳು ಆ ಬೂದಿಯಿಂದ ಬಣ್ಣ ಓದುವುದಿಲ್ಲ, ಊಹಿಸುತ್ತವೆ. ಬಣ್ಣದ ಊಹೆ ತಪ್ಪಿದರೆ ಸಹಿಸಬಹುದು, ಮುಖದ ಊಹೆಯನ್ನು ಸಹಿಸಲಾಗದು. ಮಸುಕು ಮುಖ ಚೂಪು ಮಾಡುವ ಆ್ಯಪ್‌ಗಳು ಸಾವಿರಾರು ಬೇರೆ ಮುಖಗಳಿಂದ ಕಲಿತ ಕಣ್ಣು, ಹಲ್ಲು, ಚರ್ಮವನ್ನು ತಂದು ಅಂಟಿಸುತ್ತವೆ. ಮೇಲೆ ಹೇಳಿದ 63 ಪಿಕ್ಸೆಲಿನ ಮುಖ ಕೊಟ್ಟರೆ ಬರುವುದು ಅಮ್ಮನ ಹೋಲಿಕೆಯ ಇನ್ಯಾರೋ. ಕೆನ್ನೆಯ ಮಚ್ಚೆ ಹೋಗಿರುತ್ತದೆ, ಬೆಂಡೋಲೆ ಕಿವಿಗೆ ಕರಗಿರುತ್ತದೆ, ಕರಿಮಣಿ ಗೆರೆಯಾಗಿರುತ್ತದೆ. ಫ್ರೇಮಿನ ಅಂಚು, ಹಿಂದಿನ ಗೋಡೆ, ಸೀರೆಯ ಹರಿದ ಭಾಗಕ್ಕೆ ಎಐ ಬಳಸಿ, ಹುಬ್ಬಿನಿಂದ ಗಲ್ಲದವರೆಗೆ ಬೇಡ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಸ್ಟುಡಿಯೋಗೆ ಕೊಡುವಾಗಲೂ ಇದನ್ನೇ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಅಮ್ಮನ ಮುಖವನ್ನು ಸಿದ್ಧವಾಗಿಟ್ಟ ರೇಷ್ಮೆ ಸೀರೆಯ ಬೇರೆ ಮೈಗೆ ಕೂರಿಸಿ ಕೊಡುವುದುಂಟು, ಭುಜ ಅಗಲವಾಗಿ ಕುತ್ತಿಗೆ ಗಿಡ್ಡವಾಗಿರುತ್ತದೆ. ಬೋಳು ಹಣೆಯ ಫೋಟೋಕ್ಕೆ ಕುಂಕುಮ ಬರೆಸುವುದಕ್ಕಿಂತ ಕುಂಕುಮವಿದ್ದ ಕಾಲದ ಫೋಟೋವನ್ನೇ ಆರಿಸುವುದು ಮೇಲು. ಕಡತವನ್ನು ಪೆನ್‌ಡ್ರೈವಿನಲ್ಲಿ ಕೊಡಿ. ವಾಟ್ಸಾಪೇ ಆಗಬೇಕೆಂದರೆ ಫೋಟೋ ಎಂದಲ್ಲ, ಡಾಕ್ಯುಮೆಂಟ್ ಎಂದು ಕಳಿಸಿ, ಆಗ ಪಿಕ್ಸೆಲ್ ಕಡಿಮೆಯಾಗುವುದಿಲ್ಲ.

ಹೆಸರು ಬರೆಸುವಲ್ಲಿ ಗಡಿನಾಡಿನ ಕಷ್ಟವೇ ಬೇರೆ. ಹಳೆ ಆವೃತ್ತಿಯ ಫೋಟೋಶಾಪಿನಲ್ಲಿ ನಮ್ಮ ಲಿಪಿಗಳನ್ನು ಸರಿಯಾಗಿ ಜೋಡಿಸುವ ವರ್ಲ್ಡ್-ರೆಡಿ ಲೇಔಟ್ ಆಯ್ಕೆ ಆರಿಸಿರದಿದ್ದರೆ ಯೂನಿಕೋಡ್ ಕನ್ನಡದ ಒತ್ತಕ್ಷರ ಬಿಡಿಬಿಡಿಯಾಗಿ ಬೀಳುತ್ತದೆ. ಬರೆದವರಿಗೆ ಮಲಯಾಳ ಮಾತ್ರ ಗೊತ್ತಿದ್ದರೆ ತಪ್ಪು ಕಣ್ಣಿಗೆ ಬೀಳುವುದೂ ಇಲ್ಲ. ನುಡಿ, ಬರಹದ ಹಳೆ ಫಾಂಟಿನಲ್ಲಿ ಬರೆದುಕೊಟ್ಟ ಕಡತ ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಗುರುತುಗಳ ಸಾಲಾಗುತ್ತದೆ. ಹೆಸರು, ಜನನ, ಮರಣ, ತಿಥಿಯನ್ನು ಮನೆಯಲ್ಲೇ ಬರೆದು ಚಿತ್ರವಾಗಿ ಕೊಡುವುದು ಸುರಕ್ಷಿತ. ಅಚ್ಚಿಗೆ ಮೊದಲು ಕಾಗದದ ಮೇಲೆ ಒಂದು ಪ್ರತಿ ತೆಗೆಸಿ, ‘ಲಕ್ಷ್ಮಿ’ಯ ಮಕಾರದೊತ್ತು, ‘ತ್ರಯೋದಶಿ’ಯ ರಕಾರದೊತ್ತು, ‘ಪೂರ್ಣಿಮಾ’ದ ಅರ್ಕಾವತ್ತು ತಮ್ಮ ಜಾಗದಲ್ಲಿವೆಯೇ ಎಂದು ಬೆರಳಿಟ್ಟು ನೋಡಿ. ರೇಷನ್ ಕಾರ್ಡಿನ ಮಲಯಾಳ ಹೆಸರಿನಿಂದ ಕನ್ನಡಕ್ಕೆ ತಿರುಗಿಸಲು ಬಿಟ್ಟರೆ ದೀರ್ಘ ಹೋಗಿ ಹ್ರಸ್ವ ಬರುವುದು ಸಾಮಾನ್ಯ.

ಮುದ್ರಣಕ್ಕೆ ಸ್ಟುಡಿಯೋ ಲ್ಯಾಬಿನ ಫೋಟೋ ಕಾಗದ ಅಥವಾ ಪಿಗ್ಮೆಂಟ್ (ಬಣ್ಣದ ಪುಡಿಯ) ಶಾಯಿ ಕೇಳಿ. ಡೈ (ಕರಗಿದ ಬಣ್ಣದ) ಶಾಯಿಯ ಇಂಕ್‌ಜೆಟ್ ತೇವಕ್ಕೆ ಹರಡುತ್ತದೆ. ಕಟ್ಟು ಹಾಕಿಸುವಾಗ ಫೋಟೋಕ್ಕೂ ಗಾಜಿಗೂ ನಡುವೆ ಎರಡು ಮಿಲಿಮೀಟರ್ ಮೌಂಟ್ ಬೋರ್ಡು ಇರಲೇಬೇಕು, ಹಿಂದಿನ ಪಟ ಗಾಜಿಗೆ ಅಂಟಿದ್ದು ಅದಿಲ್ಲದ್ದಕ್ಕೆ. ಹಿಂಬದಿಯ ಸಂದನ್ನು ಟೇಪಿನಿಂದ ಮುಚ್ಚಿಸಿ, ಕೆಳಗಿನ ಎರಡು ಮೂಲೆಗೆ ಕಾರ್ಕಿನ ತುಂಡು ಅಂಟಿಸಿದರೆ ಪಟದ ಹಿಂದೆ ಗಾಳಿಯಾಡುತ್ತದೆ. ಕೆಂಪುಕಲ್ಲಿನ ಹೊರಗೋಡೆ ಮಳೆಗಾಲದಲ್ಲಿ ತಂಪು ಹಿಡಿಯುವುದರಿಂದ ಒಳಗೋಡೆಯೇ ಸರಿಯಾದ ಜಾಗ. ದೀಪ, ಊದುಬತ್ತಿಯ ನೇರ ಮೇಲೆ ಬೇಡ, ಒಂದಡಿ ಪಕ್ಕಕ್ಕಿರಲಿ. ಗೋಡೆಗೆ ಹೋಗುವುದು ಹೊಸ ಪ್ರತಿ ಮಾತ್ರ. ಮೂಲ ಫೋಟೋ ಕಾಗದದ ಲಕೋಟೆಯಲ್ಲಿ, ಡಬ್ಬಿಯಲ್ಲಿ, ಅಟ್ಟವಲ್ಲದ ಒಣ ಕಪಾಟಿನಲ್ಲಿರಲಿ. ಟಿಫ್ ಕಡತಗಳನ್ನು ಅಮ್ಮನ ಹೆಸರು ಮತ್ತು ಅಂದಾಜು ವರ್ಷ ಹಾಕಿ ಎರಡು ಪೆನ್‌ಡ್ರೈವಿಗೆ ಹಾಕಿ, ಒಂದನ್ನು ಬೇರೆ ಊರಿನಲ್ಲಿರುವ ಮಗಳ ಮನೆಗೆ ಕಳಿಸಿ.